ಅಪ್ಪನ ಕೋಟಿನ ತೂಕ

ಮಾರ್ಚ್ ೩, ಸೋಮವಾರ

ಅಕ್ಕನ ಮನೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಹದಿಮೂರು ಹೆಜ್ಜೆ. ಕಿಟಕಿಯಿಂದ ಅಪ್ಪನ ಮಂಚಕ್ಕೆ ಐದು. ಇವತ್ತು ಎಷ್ಟು ಸಲ ಅಳೆದೆನೋ ಗೊತ್ತಿಲ್ಲ. ಸಂಜೆ ಕೆಲಸದಿಂದ ಬಂದ ಅಕ್ಕ, “ತಲೆ ಮೇಲೆ ಕುದುರೆ ಓಡ್ತಿದೆಯಾ ಅಂತ ಕೆಳಗಿನ ಮನೆಯೋರು ಕೇಳ್ತಿದಾರೆ ಕಣೇ. ಓದು, ಬರಿ, ಏನಾದ್ರೂ ಮಾಡು, ಒಂದು ಕಡೆ ಕೂತ್ಕೋ” ಎಂದು ಈ ನೋಟುಪುಸ್ತಕ ಕೈಗಿಟ್ಟಳು. ಓದು ಎಂಬ ಮಾತನ್ನು ನನ್ನ ಮುಂದೆ ಆಡಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಬರೆದರೆ ನಿಜವನ್ನೇ ಬರೆಯುತ್ತೇನೆ. ನನಗೆ ಇಲ್ಲಿರಲು ಇಷ್ಟವಿಲ್ಲ. ಅಪ್ಪನ ಗಂಟಲಲ್ಲಿ ಗೆಡ್ಡೆ ಬಂತು. ಈ ಪರದೇಶದಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಅಕ್ಕ ಅವನನ್ನು ಕರೆಸಿಕೊಂಡು ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದಳು. ಊರಲ್ಲಿ ತರಕಾರಿ ಅಂಗಡಿ ಬಿಟ್ಟು ಅಮ್ಮ ಬರುವಂತಿರಲಿಲ್ಲ. ಹತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮೂರು ವರ್ಷದಿಂದ ಮನೆಯೊಳಗೆ ಬುಗುರಿಯ ಹಾಗೆ ಸುತ್ತುತ್ತಿದ್ದವಳು ನಾನೊಬ್ಬಳು. ನನ್ನನ್ನು ಜೊತೆಗೆ ಕಳಿಸಿದರು. ಬುಗುರಿ ಎನ್ನುವುದು ಅಪ್ಪ ಇಟ್ಟ ಹೆಸರು.

ಗೆಡ್ಡೆ ಹೋಯಿತು. ಅದರ ಹಿಂದೆಯೇ ಅಪ್ಪನ ಊಟವೂ ಹೋಯಿತು.

ಮಾರ್ಚ್ ೭, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆವು. ಇನ್ನು ಪ್ರತಿ ಶುಕ್ರವಾರ ತೂಕ. ಅಪ್ಪ ಚಳಿಗೆ ನಡುಗುತ್ತಾನೆಂದು ತೂಕದ ಸಿಸ್ಟರ್ ಕೋಟು ತೆಗೆಸಲಿಲ್ಲ, ಕೋಟಿನ ತೂಕವನ್ನು ತಾವೇ ಕಳೆದು ಬರೆದುಕೊಂಡರು. ೪೭.೪. ಕಾಯಿಲೆಗೆ ಮುಂಚೆ ಅರವತ್ತನಾಲ್ಕು ಇದ್ದ ಆಳು.

ಡಾಕ್ಟರು ಹೇಳಿದ್ದನ್ನು ಅಕ್ಕ ಕನ್ನಡದಲ್ಲಿ ಹೇಳಿದಳು. “ಗಂಟಲು ವಾಸಿಯಾಗಿದೆಯಂತೆ ಅಪ್ಪ, ದಾರಿ ತೆರೆದಿದೆ, ಏನು ಬೇಕಾದ್ರೂ ಹೋಗುತ್ತಂತೆ. ಮೇ ಎರಡನೇ ತಾರೀಕಿಗೆ ನಲವತ್ತೆಂಟೂವರೆ ಆದ್ರೆ ಊರಿಗೆ ಹೊರಡಬಹುದು. ಇಲ್ಲದಿದ್ರೆ...”

“ಇಲ್ಲದಿದ್ರೆ?”

“ಹೊಟ್ಟೆಗೆ ಸಣ್ಣ ತೂತು ಮಾಡಿ ನಳಿಕೆ ಹಾಕ್ತಾರಂತೆ. ಊಟ ಅದರಲ್ಲೇ. ಇನ್ನೂ ಆರು ತಿಂಗಳು ಇಲ್ಲೇ ಇರಬೇಕು.”

ಅಪ್ಪ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡ. ಮನೆಗೆ ಬಂದು ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಗೋಡೆಯ ಕಡೆ ತಿರುಗಿ ಮಲಗಿದ.

ಮಾರ್ಚ್ ೯, ಭಾನುವಾರ

ಅಮ್ಮ ಫೋನಿನಲ್ಲಿ, “ಊಟ ಮಾಡ್ತಿದಾರೇನೇ?” ಎಂದಳು. “ಇಲ್ಲ” ಎಂದೆ. ಅಮ್ಮ ಅಳತೊಡಗಿದಳು. ಅಕ್ಕ ಫೋನು ಕಿತ್ತುಕೊಂಡು ಸಮಾಧಾನ ಹೇಳಿ, ಇಟ್ಟ ಮೇಲೆ ನನ್ನ ಮೇಲೆ ಹರಿಹಾಯ್ದಳು. “ಸ್ವಲ್ಪ ಸ್ವಲ್ಪ ಮಾಡ್ತಿದಾರೆ ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಎರಡು ಚಮಚ ಸ್ವಲ್ಪ ಅಲ್ಲ, ಇಲ್ಲ.”

“ನಿನ್ನಂಥವಳಿಗೆ ಬಾಯಿ ಕೊಟ್ಟ ದೇವರಿಗೆ ಬುದ್ಧಿ ಇಲ್ಲ.”

ಸಿಟ್ಟು ಬಂದು ಮನೆಯಿಂದ ಹೊರಬಿದ್ದೆ. ಎಲ್ಲಿಗೆಂದು ತಿಳಿಯದೆ ನಡೆದು ರೈಲು ಸೇತುವೆಯ ಕೆಳಗೆ ಬಂದರೆ ಅಲ್ಲೊಂದು ಸಂತೆ. ಕಮಾನು ಕಮಾನಿನ ಕೆಳಗೂ ಅಂಗಡಿ. ಮೇಲೆ ರೈಲು ಹೋದಾಗಲೆಲ್ಲ ಟೊಮೇಟೊ ರಾಶಿಯ ತುದಿಯ ಹಣ್ಣು ನಡುಗುತ್ತದೆ. ಬಾಳೆಹಣ್ಣನ್ನು ಗೊನೆಯಿಂದ ಬಿಡಿಸಿ ಒಂದೊಂದಾಗಿ ಮಾರುತ್ತಾರೆ. ಮೂಲಂಗಿ ಮಗುವಿನ ಹೆಬ್ಬೆರಳಷ್ಟೇ ಇದೆ. ಬದನೆಕಾಯಿಗೆ ಕನ್ನಡಿಯ ಹೊಳಪು. ಎರಡು ಗಂಟೆ ಸುತ್ತಿ ಏನನ್ನೂ ಕೊಳ್ಳದೆ ಬಂದೆ.

ಅಪ್ಪನಿಗೆ ಹೇಳಿದೆ. ಗೋಡೆಗೆ ಮುಖ ಮಾಡಿಯೇ ಕೇಳಿಸಿಕೊಂಡು ಕೊನೆಗೆ, “ಬದನೆಕಾಯಿಗೆ ಎಣ್ಣೆ ಸವರಿರ್ತಾರೆ” ಎಂದ. ಇವತ್ತು ಅವನಾಡಿದ್ದು ಅದೊಂದೇ ಮಾತು.

ಮಾರ್ಚ್ ೧೪, ಶುಕ್ರವಾರ

೪೭.೬. ಅಕ್ಕನಿಗೆ ಕುಣಿಯುವಷ್ಟು ಖುಷಿ.

ಮಾರ್ಚ್ ೨೧, ಶುಕ್ರವಾರ

೪೭.೯. ಸಿಸ್ಟರ್ ಅಪ್ಪನ ಬೆನ್ನು ತಟ್ಟಿದರು. ಅಮ್ಮ ಫೋನಿನಲ್ಲಿ ದೇವರಿಗೆ ಕೈಮುಗಿದಳು. ನನಗೆ ಮಾತ್ರ ಸಮಾಧಾನವಿಲ್ಲ. ತಟ್ಟೆ ತೊಳೆಯುವವಳು ನಾನು. ಹಾಕಿದ್ದೆಲ್ಲ ಹಾಗೆಯೇ ಬರುತ್ತದೆ. ತಿನ್ನದೆ ಏರುವ ತೂಕ ಎಂಥದ್ದು?

ಮಾರ್ಚ್ ೨೩, ಭಾನುವಾರ

ಕೋಟು ಒಗೆಯೋಣವೆಂದು ಗೂಟದಿಂದ ತೆಗೆದೆ. ಬಾಗಿಲಿನ ಚೌಕಟ್ಟಿಗೆ ತಾಗಿ ಠಣ್ ಎಂದಿತು. ಒಳಜೇಬಿನಲ್ಲಿ ತೂಕದ ಕಲ್ಲುಗಳು. ಕಬ್ಬಿಣದ್ದನ್ನೂ ನಮ್ಮಲ್ಲಿ ಕಲ್ಲು ಎಂದೇ ಕರೆಯುವುದು. ಅರ್ಧ ಕೆಜಿಯದೊಂದು, ಇನ್ನೂರು ಗ್ರಾಮಿನವು ಎರಡು. ಅಂಗಡಿಯವು. ಅರ್ಧ ಕೆಜಿಯದರ ಅಂಚಿನಲ್ಲಿ ತಾತನ ಕಾಲದ ಗೀರು ಕೂಡ ಇತ್ತು. ಊರು ಬಿಡುವಾಗ ಪೆಟ್ಟಿಗೆಯಲ್ಲಿ ಅದನ್ನು ನೋಡಿ ಕೇಳಿದ್ದಕ್ಕೆ, “ಜೊತೆಗಿರಲಿ ಬಿಡು” ಎಂದಿದ್ದ.

ಮೂರನ್ನೂ ತಂದು ಅವನ ಮಂಚದ ಮೇಲೆ ಸಾಲಾಗಿ ಇಟ್ಟೆ. ಒಂಬೈನೂರು ಗ್ರಾಂ. ಹಾಗಾದರೆ ಮೊನ್ನೆ ಅಪ್ಪ ಬರೀ ೪೭.

“ಹೊಟ್ಟೆಗೆ ತೂತು ಕೊರೀತಾರೆ ಕಣೇ ಬುಗುರಿ” ಎಂದ. ಆಪರೇಷನ್ ಆದ ಮೇಲೆ ಅವನ ದನಿ ಒದ್ದೆ ಚಪ್ಪಲಿಯ ಹಾಗೆ. “ಮನುಷ್ಯ ಬಾಯಲ್ಲಿ ತಿನ್ನಬೇಕು. ಇಲ್ಲ ತಿನ್ನಬಾರದು.”

“ಹಾಗಾದ್ರೆ ಬಾಯಲ್ಲಿ ತಿನ್ನು.”

“ಸೇರಲ್ಲ. ತಟ್ಟೆ ಮುಂದೆ ಬಂದ್ರೆ ಎಲ್ರೂ ನನ್ನ ಬಾಯೇ ನೋಡ್ತೀರ. ಗಂಟಲು ಮುಚ್ಕೊಳ್ಳುತ್ತೆ.”

“ಒಂದು ಹುರಳಿಕಾಯಿ ಕಮ್ಮಿ ಬಿತ್ತು ಅಂತ ಗಿರಾಕಿ ಹಿಂದೆ ಬೀದಿ ಕೊನೇವರೆಗೂ ಓಡಿದ್ದವನು ನೀನು.”

ಅವನು ಕಲ್ಲುಗಳನ್ನು ತೆಗೆದು ದಿಂಬಿನ ಕೆಳಗಿಟ್ಟುಕೊಂಡ. “ನಿಮ್ಮಕ್ಕನಿಗೆ ಹೇಳಬೇಡ.”

ನಾನು ಹ್ಞೂಂ ಎನ್ನಲಿಲ್ಲ. ಹ್ಞೂಂ ಎಂದಿದ್ದರೆ ಅದು ಸುಳ್ಳಾಗುತ್ತಿತ್ತು.

ಮಾರ್ಚ್ ೨೮, ಶುಕ್ರವಾರ

ಹೇಳಿಬಿಟ್ಟೆ. ಬಾಯಲ್ಲಿ ಹೇಳಲು ಇಲ್ಲಿನ ಭಾಷೆ ಬರುವುದಿಲ್ಲ. ಅಪ್ಪ ತೂಕದ ಯಂತ್ರ ಹತ್ತುವ ಮೊದಲೇ ಅವನ ಕೋಟಿನೊಳಗೆ ಕೈಹಾಕಿ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಸಿಸ್ಟರ್ ಮೇಜಿನ ಮೇಲಿಟ್ಟೆ. ಒಂದು ಕೆಜಿಯಾಗಿತ್ತು. ಈ ವಾರಕ್ಕೆ ಇನ್ನೂ ಒಂದು ಸೇರಿತ್ತು, ನೂರರದ್ದು.

ಅಕ್ಕ ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡಳು. ಯಂತ್ರದಲ್ಲಿ ೪೬.೮ ಬಂತು.

ಸಿಸ್ಟರ್ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಅರ್ಧ ಕೆಜಿಯ ಕಲ್ಲನ್ನು ಕೈಯಲ್ಲಿ ತಿರುಗಿಸಿ ನೋಡಿ, ಹಸುಗೂಸುಗಳ ಹಾಲಿನ ಪುಡಿ ತೂಗುವ ಸಣ್ಣ ಯಂತ್ರದ ಮೇಲಿಟ್ಟರು. ಸರಿಯಾಗಿ ಐನೂರು. ಅವರ ಹುಬ್ಬು ಮೇಲೇರಿತು. ಅಷ್ಟು ಅವಮಾನದ ನಡುವೆಯೂ ಅಪ್ಪ ಒಂದು ಕ್ಷಣ ತಲೆಯೆತ್ತಿದ. ಮುಖ, ಮತ್ತೇನು ಅಂದುಕೊಂಡಿದ್ರಿ ಎನ್ನುವ ಹಾಗಿತ್ತು.

ಸಿಸ್ಟರ್ ಏನೋ ಹೇಳಿದರು. ಅಕ್ಕ ಮೂಗು ಏರಿಸಿಕೊಳ್ಳುತ್ತ ಹೇಳಿದಳು: “ಇಷ್ಟು ಭಾರನ ಹೊರಗೆ ಹೊತ್ಕೊಂಡು ಬರೋ ಬದಲು ಒಳಗೆ ಹಾಕ್ಕೊಂಡು ಬನ್ನಿ ಅಂತಿದಾರೆ. ತಾರೀಕು ಮಾತ್ರ ಅದೇ. ಮೇ ಎರಡು.”

ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕ ಕೂರಲಿಲ್ಲ.

ನಾನು ಹೀಗೆ ಮಾಡುವುದು ಇದು ಮೊದಲಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರೇ ಬೋರ್ಡಿನ ಮೇಲೆ ಉತ್ತರ ಬರೆಯುತ್ತಿದ್ದರು. ತಪಾಸಣೆಗೆ ಬಂದವರು ಕೇಳಿದಾಗ ಎದ್ದು ನಿಂತು ಹೌದೆಂದವಳು ನಾನೊಬ್ಬಳೇ. ಇಡೀ ಕೋಣೆಯ ಫಲಿತಾಂಶ ತಡೆದರು. ಆಮೇಲೆ ನನ್ನ ಜೊತೆ ಯಾರೂ ಕೂರಲಿಲ್ಲ, ನಾನೂ ಆ ಕಡೆ ಹೋಗಲಿಲ್ಲ. ಆಗ ಅಪ್ಪ ಒಬ್ಬನೇ, “ತಕ್ಕಡಿ ಮುಳ್ಳು ನಡುವೆ ನಿಂತಿತ್ತಲ್ಲ, ಸಾಕು ಬಿಡು” ಎಂದಿದ್ದ. ಇವತ್ತು ಅದನ್ನು ಹೇಳುವವರೂ ಇಲ್ಲ.

ಮಾರ್ಚ್ ೩೧, ಸೋಮವಾರ

ಮಾತಿಲ್ಲ. ಹದಿಮೂರು ಹೆಜ್ಜೆ, ಐದು ಹೆಜ್ಜೆ.

ಏಪ್ರಿಲ್ ೨, ಬುಧವಾರ

ಮನೆಯಲ್ಲಿ ಉಸಿರುಕಟ್ಟಿ ಮತ್ತೆ ಸಂತೆಗೆ ಹೋದೆ. ಸೇತುವೆಯ ಕೆಳಗಿನದು ಬುಧವಾರವೂ ಇರುತ್ತದೆ. ಮೂರನೇ ಕಮಾನಿನಲ್ಲಿ ಒಬ್ಬ ದಪ್ಪನೆಯ ಹೆಂಗಸು, ಕಿವಿ ಮುಚ್ಚುವ ಉಣ್ಣೆ ಟೋಪಿ, ಬೆರಳಿಲ್ಲದ ಕೈಗವಸು. ಟೋಪಿಯಮ್ಮ ಎಂದು ಹೆಸರಿಟ್ಟೆ. ಅವಳು ಏನೋ ಕೂಗುತ್ತ ಎಲ್ಲರಿಗೂ ಚಾಕುವಿನ ತುದಿಯಲ್ಲಿ ಒಂದೊಂದು ಹೋಳು ಚಾಚುತ್ತಾಳೆ. ನಾನು ನಾಚಿಕೊಂಡು ತೆಗೆದುಕೊಳ್ಳಲಿಲ್ಲ. ಎದುರಿನ ಅಂಗಡಿಯಲ್ಲಿ ಯಾರೂ ಕೂಗುತ್ತಿರಲಿಲ್ಲವೆಂದು ಅಲ್ಲಿ ಒಂದು ಸೌತೆಕಾಯಿ ಕೊಂಡು ಬಂದೆ.

ಅಡುಗೆಮನೆಯಲ್ಲಿ ಇಟ್ಟು ಕೈ ತೊಳೆದು ತಿರುಗಿದರೆ ಅಪ್ಪ ಎದ್ದು ಬಂದು ನಿಂತಿದ್ದಾನೆ. ಸೌತೆಕಾಯಿಯನ್ನು ಬೆರಳಿನಿಂದ ತಟ್ಟಿದ. ಚಾಕು ತೆಗೆದುಕೊಂಡು ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ಬಾಯಿಗೆ ಹಾಕಿಕೊಂಡ. ಅಗಿದ. ಮುಖ ಕಿವುಚಿ ಸಿಂಕಿಗೆ ಉಗಿದ.

“ಯಾವನೇ ಇದನ್ನ ನಿಂಗೆ ಕಟ್ಟಿದ್ದು? ತೊಟ್ಟು ನೋಡದೆ ತಗೊಂಡ್ಯಾ? ಮೂವತ್ತು ವರ್ಷ ತರಕಾರಿ ಮಾರಿದವನ ಮಗಳು!”

“ನೀನು ಮಾತಾಡಿದೆ.”

“ಮಾತಾಡದೆ ಇರ್ಲಾ? ಕಹಿ ವಿಷ!” ಎಂದು ಮಧ್ಯದಿಂದ ಇನ್ನೊಂದು ಬಿಲ್ಲೆ ಕತ್ತರಿಸಿದ. “ನಡು ಪರವಾಗಿಲ್ಲ” ಎನ್ನುತ್ತ ನುಂಗಿದ.

ನುಂಗಿದ. ನಾನು ಅವನ ಬಾಯನ್ನು ನೋಡದೆ ನಲ್ಲಿಯನ್ನೇ ನೋಡುತ್ತಿದ್ದೆ.

ಏಪ್ರಿಲ್ ೩, ಗುರುವಾರ

ಇವತ್ತು ನಿಲ್ದಾಣದ ಪಕ್ಕದ ಚಾವಣಿ ಹೊದಿಸಿದ ಮಾರ್ಕೆಟ್ಟಿಗೆ ಹೋಗಿ ಮೂರು ಅಂಗಡಿಯಿಂದ ಮೂರು ಬೆಣ್ಣೆಹಣ್ಣು ತಂದೆ. ತಟ್ಟೆಯಲ್ಲಿ ಇಡಲಿಲ್ಲ. ಹಳೆಯ ಪೇಪರು ಹಾಸಿ ಅದರ ಮೇಲಿಟ್ಟು, “ನಾಳೆಯಿಂದ ಯಾರ ಹತ್ರ ತಗೊಳ್ಳಲಿ? ನೋಡಿ ಹೇಳು” ಎಂದೆ.

ಅಪ್ಪ ನಿಂತುಕೊಂಡೇ ಒಂದೊಂದನ್ನೂ ಸೀಳಿದ. ಒಂದನೆಯದು ಬೆಂಡು, ಎರಡನೆಯದು ಬಲವಂತಕ್ಕೆ ಹಣ್ಣು ಮಾಡಿದ್ದು, ಮೂರನೆಯವನು ಮನುಷ್ಯ. ತೀರ್ಪು ಕೊಡುವಷ್ಟರಲ್ಲಿ ಒಂದು ಇಡೀ ಹಣ್ಣಿನಷ್ಟು ಒಳಗೆ ಹೋಗಿತ್ತು. ಆಮೇಲೆ ಗಂಜಿ ಕೊಟ್ಟರೆ ಬೇಡವೆಂದ. ಇರಲಿ.

ಏಪ್ರಿಲ್ ೪, ಶುಕ್ರವಾರ

ಕೋಟಿಲ್ಲದೆ ೪೬.೯. ಸಿಸ್ಟರ್ ಜೇಬು ತಡವಲಿಲ್ಲ. ಅಪ್ಪನೇ ಎರಡು ಜೇಬನ್ನೂ ಹೊರಗೆಳೆದು ತೋರಿಸಿದ.

ಏಪ್ರಿಲ್ ೧೨, ಶನಿವಾರ

ಎಂಟು ದಿನದಿಂದ ಬರೆಯಲು ಹೊತ್ತೇ ಸಿಗಲಿಲ್ಲ. ಬೆಳಿಗ್ಗೆ ಒಂದು ಮಾರ್ಕೆಟ್ಟು, ಮಧ್ಯಾಹ್ನ ಇನ್ನೊಂದು. ಮೂರು ಬಗೆಯ ಮೊಸರು, ಮೂರು ಬಗೆಯ ಚೀಸು, ಬೇಯಿಸಿದ ಮೂರು ಗೆಣಸು. ಅಪ್ಪ ಎಲ್ಲವನ್ನೂ ನಿಂತೇ ತಿನ್ನುತ್ತಾನೆ. ತಿನ್ನುತ್ತಾನೆ ಎನ್ನಬಾರದು, ಮಾಲು ನೋಡುತ್ತಾನೆ.

ಅಂಗಡಿಯವರು ಏನನ್ನು ಏನೆಂದು ಕರೆಯುತ್ತಾರೆ ಎಂದು ತಿಳಿಯದೆ ತೊಂದರೆಯಾಗುತ್ತಿತ್ತು. ಈ ಪುಸ್ತಕದ ಹಿಂದಿನ ಪುಟದಿಂದ ಬರೆದುಕೊಳ್ಳುತ್ತಿದ್ದೇನೆ. ಮಾಗಿದ್ದು, ನಾರು, ನಿನ್ನೆಯದು, ಇನ್ನೂ ಸ್ವಲ್ಪ ಹಾಕಿ. ಅಕ್ಕ ಇಣುಕಿ ನೋಡಿ, “ಓದ್ತಿದೀಯಾ?” ಎಂದು ಕಣ್ಣರಳಿಸಿದಳು. ಓದುವುದೇನು ಬಂತು, ಪಟ್ಟಿ ಅಷ್ಟೇ ಎಂದೆ.

ಇವತ್ತು ಅಪ್ಪ ತಾನೂ ಬರುತ್ತೇನೆಂದ. ಸೇತುವೆಯವರೆಗೆ ನಾಲ್ಕು ಕಡೆ ಕೂತು ಕೂತು ಹೋದೆವು. ಸಂತೆಯ ಬಾಯಿಗೆ ಬಂದವನೇ ಅಪ್ಪ ಬೆನ್ನು ನೆಟ್ಟಗೆ ಮಾಡಿ, ಗಾಳಿ ಮೂಸಿ, “ಈರುಳ್ಳಿ ಮೂಟೆ ತಳದಲ್ಲಿ ಕೊಳೀತಿದೆ, ಯಾರೂ ನೋಡಿಲ್ಲ” ಎಂದ. ನೋಡಿದರೆ ನಿಜ.

ಟೋಪಿಯಮ್ಮ ಚಾಕುವಿನ ತುದಿಯಲ್ಲಿ ಪೇರು ಹಣ್ಣಿನ ಹೋಳು ಚಾಚಿದಳು. ಅಪ್ಪ ತೆಗೆದುಕೊಂಡು ಅಗಿದು, ಕೈಯನ್ನು ಅತ್ತಿತ್ತ ಆಡಿಸಿದ, ಸುಮಾರು ಎನ್ನುವ ಹಾಗೆ. ಅವಳ ಮುಖ ಕೆಂಪಾಯಿತು. ಇನ್ನೊಂದು ಬುಟ್ಟಿಯಿಂದ ಕತ್ತರಿಸಿ ಕೊಟ್ಟಳು. ಸುಮಾರು. ಕೊನೆಗೆ ಮೇಜಿನ ಕೆಳಗೆ ತನಗೆಂದು ಇಟ್ಟುಕೊಂಡಿದ್ದ ಹಣ್ಣನ್ನೇ ತೆಗೆದು ಕತ್ತರಿಸಿದಳು. ಅಪ್ಪ ಕಣ್ಣು ಮುಚ್ಚಿ ತಿಂದು, “ಇದನ್ನ ಮುಂದೆ ಇಡೋದು ಬಿಟ್ಟು ಬಚ್ಚಿಟ್ಕೊಂಡಿದೀಯಲ್ಲಮ್ಮ!” ಎಂದು ಕನ್ನಡದಲ್ಲೇ ದಬಾಯಿಸಿದ. ಅವಳು ತನ್ನ ಭಾಷೆಯಲ್ಲಿ ತಿರುಗಿ ದಬಾಯಿಸಿದಳು. ಇಬ್ಬರಿಗೂ ಅರ್ಥವಾದಂತಿತ್ತು. ಅಪ್ಪ ಅವಳ ಸೊಪ್ಪಿನ ಕಟ್ಟುಗಳನ್ನು ಬೇರು ಒಳಗೆ ಎಲೆ ಹೊರಗೆ ಬರುವಂತೆ ಸುತ್ತ ಜೋಡಿಸಿ ನೀರು ಚಿಮುಕಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, ಪೂರ್ತಿ ಒಂದು ಹಣ್ಣು ಕತ್ತರಿಸಿ ಅವನ ಕೈಗಿಟ್ಟಳು. ಪೂರ್ತಿ ತಿಂದ.

ಬೆಳಗಿನಿಂದ ಮಧ್ಯಾಹ್ನದವರೆಗೂ ಅದೇ ಕಮಾನಿನ ಕೆಳಗೆ ಕಳೆದುಹೋಯಿತು. ಅಷ್ಟು ಹೊತ್ತಾದದ್ದು ಗೊತ್ತೇ ಆಗಲಿಲ್ಲ.

ಏಪ್ರಿಲ್ ೧೮, ಶುಕ್ರವಾರ

೪೭.೬. ಈ ಸಲ ನಿಜವಾದ ೪೭.೬.

ಏಪ್ರಿಲ್ ೨೦, ಭಾನುವಾರ

ಒಂದು ವಿಷಯ ಕೊರೆಯುತ್ತಿತ್ತು. ಮೂರರಲ್ಲಿ ಯಾವುದು ಒಳ್ಳೆಯದು ಎಂದು ನಾನು ಕೇಳುವುದೇ ಒಂದು ನಾಟಕ. ಯಾವುದು ಒಳ್ಳೆಯದೆಂದು ಈಗ ನನಗೂ ತೊಟ್ಟು ನೋಡಿದರೆ ತಿಳಿಯುತ್ತದೆ. ಅಪ್ಪನ ಕೋಟಿನ ಕಲ್ಲು ಸುಳ್ಳಾದರೆ ನನ್ನದೇನು? ಹೇಳಿಬಿಟ್ಟರೆ ಅವನು ಮತ್ತೆ ತಿನ್ನುವುದನ್ನು ನಿಲ್ಲಿಸಿದರೆ? ಎರಡು ದಿನ ಯೋಚಿಸಿದೆ. ಮೊದಲಾಗಿದ್ದರೆ ಎರಡು ನಿಮಿಷವೂ ಬೇಕಿರಲಿಲ್ಲ.

ಅವನು ಗೆಣಸು ಮುಗಿಸುವವರೆಗೆ ಕಾದು ಹೇಳಿದೆ. “ಅಪ್ಪ, ನೀನು ತಿನ್ನಲಿ ಅಂತಲೇ ನಾನು ಮಾಲು ನೋಡು ಅನ್ನೋದು.”

ಅಪ್ಪ ಬೆರಳು ನೆಕ್ಕಿದ. “ಗೊತ್ತು ಕಣೇ.”

“ಯಾವಾಗಿಂದ?”

“ಬೆಣ್ಣೆಹಣ್ಣಿನ ದಿವಸದಿಂದ. ಮೂವತ್ತು ವರ್ಷ ಬೇಡ ಬೇಡ ಅನ್ನೋ ಗಿರಾಕಿಗೆ ಹೋಳು ಕತ್ತರಿಸಿ ಕೊಟ್ಟವನು ನಾನು. ನನಗೇ ಹೋಳು ತೋರಿಸ್ತೀಯ?”

“ಮತ್ಯಾಕೆ ತಿಂದೆ?”

“ನೀನು ಮೂರು ತರ್ತಿದ್ದೆಯಲ್ಲ, ಅದರಲ್ಲಿ ಎರಡು ಯಾವಾಗ್ಲೂ ದಂಡ. ನಿಂಗೆ ಕಲಿಸೋರು ಯಾರು?” ನನ್ನ ಮುಖ ನೋಡದೆ, “ಅವತ್ತು ಆಸ್ಪತ್ರೇಲಿ ಮಾಡಿದ್ದು ಸರಿ. ಕೈ ಜೇಬಿಗೆ ಹಾಕೋ ಮುಂಚೆ ಒಂದು ಸಲ ಅಪ್ಪ ಅಂತ ಕರೀಬಹುದಿತ್ತು” ಎಂದ.

ಕರೆಯಬಹುದಿತ್ತು. ಅದೂ ನಿಜವೇ.

ಏಪ್ರಿಲ್ ೨೫, ಶುಕ್ರವಾರ

೪೮.೧. ಇನ್ನು ನಾನೂರು ಗ್ರಾಂ, ಏಳು ದಿನ.

ಏಪ್ರಿಲ್ ೨೯, ಮಂಗಳವಾರ

ಅಮ್ಮ ಫೋನಿನಲ್ಲಿ, “ಊಟ ಮಾಡ್ತಿದಾರೇನೇ?” ಎಂದಳು. ಉತ್ತರ ಕೊಡದೆ ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದೆ. ಬ್ರೆಡ್ಡಿನ ಗರಿಗರಿ ಅಂಚು ಅಗಿಯುತ್ತಿದ್ದ. ಅಮ್ಮ ಬಹಳ ಹೊತ್ತು ಕೇಳಿಸಿಕೊಂಡು, “ಸದ್ದು ಮಾಡ್ಕೊಂಡು ತಿನ್ನೋ ಅಭ್ಯಾಸ ಅಲ್ಲಿಗೆ ಹೋದ್ರೂ ಬಿಟ್ಟಿಲ್ಲ” ಎಂದು ಬೈದಳು. ಅವಳ ಬೈಗುಳ ಕೇಳಿ ಎಷ್ಟು ದಿನವಾಗಿತ್ತು!

ಕೆಳಗಿನ ಮನೆಯವರು ಕುದುರೆಯನ್ನು ಮಾರಿಬಿಟ್ಟಿರಾ ಎಂದು ಕೇಳಿದರಂತೆ. ಅಕ್ಕ ಏಕೆ ನಕ್ಕಳೋ ತಿಳಿಯಲಿಲ್ಲ.

ಮೇ ೨, ಶುಕ್ರವಾರ

ಬೆಳಿಗ್ಗೆ ಅಪ್ಪ ಹಟ ಹಿಡಿದು ಮೊದಲು ಸೇತುವೆಗೆ ಹೋದ. ಶುಕ್ರವಾರ ಸಂತೆಯಿಲ್ಲ, ಆದರೆ ನಾಳೆಯ ಮಾಲು ಇಳಿಸಲು ಟೋಪಿಯಮ್ಮ ಬಂದಿರುತ್ತಾಳೆ. ಇವತ್ತೇನು ದಿನ ಎಂದು ನನ್ನ ಪಟ್ಟಿಯ ಪದಗಳಲ್ಲಿ ಅವಳಿಗೆ ಹೇಳಿದೆ. ಅವಳು ಅಪ್ಪನ ತೋಳನ್ನು ಹಿಸುಕಿ ನೋಡಿ, ಕೈಯನ್ನು ಅತ್ತಿತ್ತ ಆಡಿಸಿದಳು, ಸುಮಾರು ಎನ್ನುವ ಹಾಗೆ. ಅಪ್ಪ ಗಂಟಲು ಹರಿಯುವಂತೆ ನಕ್ಕ.

ಆಸ್ಪತ್ರೆಯಲ್ಲಿ ಅವನು ಕೋಟು ತೆಗೆದ, ಬೂಟು ತೆಗೆದ, ಮಫ್ಲರು ತೆಗೆದ, ಬೆಲ್ಟು ಬಿಚ್ಚಿದ. ಸಾಕು ಸಾಕು ಎಂದು ಸಿಸ್ಟರ್ ಕೈ ಅಡ್ಡ ಹಿಡಿದರು. ಯಂತ್ರ ಹತ್ತಿದ. ಅಂಕಿ ಓಡಿ ನಿಂತಿತು.

೪೮.೬.

ಅಕ್ಕ ನನ್ನನ್ನು ತಬ್ಬಿಕೊಂಡಳು. ಸಿಸ್ಟರ್ ಪೆನ್ನು ತೆಗೆದರು. ಅಪ್ಪ ಇಳಿದು, ಪ್ಯಾಂಟು ಜಾರದಂತೆ ಹಿಡಿಯಲು ಸೊಂಟಕ್ಕೆ ಕೈಯಿಟ್ಟವನು ಹಾಗೆಯೇ ನಿಂತುಬಿಟ್ಟ.

“ಅಪ್ಪ?” ಎಂದೆ.

ಅವನು ಜೇಬಿಗೆ ಕೈಹಾಕಿ ಒಂದು ಪ್ಲಮ್ ಹಣ್ಣು ಹೊರತೆಗೆದ. ಹೊರಡುವಾಗ ಟೋಪಿಯಮ್ಮ ಕೊಟ್ಟದ್ದು. “ಮರೆತೇಹೋಗಿತ್ತು ಕಣೇ, ತಾಯಾಣೆಗೂ” ಎಂದು ಅದನ್ನು ಮೇಜಿನ ಮೇಲಿಟ್ಟ. “ಬರೀಬೇಡಿ ಅನ್ನು ಅವರಿಗೆ. ಇನ್ನೊಂದು ಸಲ.”

ಸಿಸ್ಟರ್ ನಗುತ್ತ, ಹಣ್ಣಿನ ತೂಕ ಎಷ್ಟು ಮಹಾ, ಪರವಾಗಿಲ್ಲ ಎಂದರಂತೆ. ಅಕ್ಕನೂ, “ಪರವಾಗಿಲ್ಲ ಅಂತಿದಾರಲ್ಲ ಅಪ್ಪ, ಬಿಡು” ಎಂದಳು. ಅಪ್ಪ ನನ್ನ ಕಡೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅವನು ಯಂತ್ರದ ಮೇಲೆ ಒಂದು ಕಾಲಿಟ್ಟಿದ್ದ.

ಅಂಕಿ ಓಡಿತು. ನಲವತ್ತೆಂಟು ಪಾಯಿಂಟ್ ಎಂಟು, ಮೂರು, ಏಳು. ಅಪ್ಪ ಉಸಿರು ಬಿಗಿಹಿಡಿದು ಕಂಬದಂತೆ ನಿಂತ.

೪೮.೫.

ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಸಿಸ್ಟರ್ ಬರೆದರು. ಡಾಕ್ಟರು ಬಂದು ನೋಡಿ ಅದರ ಕೆಳಗೆ ಸಹಿ ಹಾಕಿದರು. ನಳಿಕೆಯಿಲ್ಲ.

ಅಪ್ಪ ಬೆಲ್ಟು ಕಟ್ಟಿಕೊಂಡು ಕುರ್ಚಿಯ ಮೇಲೆ ಕೂತ. ಎರಡು ತಿಂಗಳಲ್ಲಿ ತಿನ್ನಲೆಂದು ಅವನು ಕೂತದ್ದು ಇದೇ ಮೊದಲು. ಡಾಕ್ಟರು, ಸಿಸ್ಟರ್, ಅಕ್ಕ, ನಾನು ಎಲ್ಲರೂ ಬಾಯಿ ನೋಡುತ್ತಿದ್ದರೂ ಆ ಹಣ್ಣನ್ನು ನಿಧಾನವಾಗಿ ಕಚ್ಚಿ ಕಚ್ಚಿ ತಿಂದು, ಬೀಜವನ್ನು ಅಂಗೈಗೆ ಉಗಿದು, “ಈಗ ಬೇಕಾದ್ರೆ ಇದನ್ನೂ ಸೇರಿಸ್ಕೊಳ್ಳಿ ಅನ್ನು” ಎಂದ.

ಟಿಕೆಟ್ಟು ಹದಿನೇಳಕ್ಕೆ ಸಿಗಬಹುದಂತೆ. ಅಮ್ಮನಿಗೆ ಹೇಳಿಯಾಯಿತು. ನಾಳೆ ಬೆಳಿಗ್ಗೆಯೇ ಹೋಗಿ ಟೋಪಿಯಮ್ಮನಿಗೂ ಹೇಳಬೇಕು. ಹಣ್ಣು ಮಾಗಿತ್ತು, ಇನ್ನೊಂದು ಚೂರಾಗಿದ್ದರೆ ನಮ್ಮನ್ನು ಮುಳುಗಿಸುತ್ತಿತ್ತು ಎಂದು. ಮುಳುಗಿಸುವುದಕ್ಕೆ ಇಲ್ಲಿ ಏನೆನ್ನುತ್ತಾರೆಂದು ಅಕ್ಕನನ್ನು ಕೇಳಿದೆ. ಬರೆದುಕೊಳ್ಳೋಣವೆಂದು ಹಿಂದಿನ ಪುಟ ತೆರೆದರೆ ಜಾಗವಿಲ್ಲ. ಹಿಂದಿನಿಂದ ಬರುತ್ತಿದ್ದ ಪಟ್ಟಿ ಮುಂದಿನಿಂದ ಹೋಗುತ್ತಿದ್ದ ದಿನಚರಿಗೆ ಇಲ್ಲೇ ಬಂದು ತಾಗಿದೆ.

ನಾಳೆ ಇನ್ನೊಂದು ನೋಟುಪುಸ್ತಕ ತರಬೇಕು. ದಪ್ಪನೆಯದು.